ಮೆಣಸಿನಕಾಯಿ ಮನೆತನವನ್ನ ಶಾಸನದಲ್ಲಿ ಹುಡುಕೋದು ಹೇಗೆ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಅಡ್ಡಹೆಸರುಗಳ ಬಗ್ಗೆ ಬರೆಯೋರು ಈಗ ಹೆಚ್ಚಾಗಿದ್ದಾರೆ. ಮನೆತನದ ಚರಿತ್ರೆಯ ಪುಸ್ತಿಕೆಗಳು ಬರ್ತಿವೆ, ವಾಟ್ಸಾಪ್‌ನಲ್ಲಿ ಹತ್ತಾರು ಟಿಪ್ಪಣಿಗಳು ಓಡಾಡ್ತಿವೆ. ಆಸಕ್ತಿ ಒಳ್ಳೆಯದೇ. ಆದರೆ ಈ ಬರಹಗಳಿಗೆ ಒಂದು ಅಚ್ಚು ಬಿದ್ದುಬಿಟ್ಟಿದೆ. ಮೊದಲು ಒಂದು ಅಡ್ಡಹೆಸರು ಹೇಳೋದು, ಅದನ್ನೇ ಹೋಲುವ ಒಂದು ಶಬ್ದವನ್ನ ಯಾವುದೋ ಶಾಸನದಿಂದ ಎತ್ತಿ ತರೋದು, ಕೊನೆಗೆ 'ಆದ್ದರಿಂದ ಈ ಮನೆತನ ಕಲ್ಯಾಣ ಚಾಲುಕ್ಯರ ಕಾಲದ್ದು' ಅಂತ ತೀರ್ಪು ಕೊಡೋದು. ನಡುವಿನ ಎಂಟುನೂರು ವರ್ಷ ಏನಾಯ್ತು ಅಂತ ಯಾರೂ ಕೇಳಲ್ಲ.

ಮೆಣಸಿನಕಾಯಿ ಅನ್ನೋ ಅಡ್ಡಹೆಸರನ್ನೇ ತಗೊಳ್ಳೋಣ. ಬ್ಯಾಡಗಿ ಸೀಮೆಯಲ್ಲಿ ಇದಕ್ಕಿಂತ ಸಹಜವಾದ ಹೆಸರು ಬೇರೆ ಬೇಕೇ? ಶಾಸನಗಳಲ್ಲಿ ಸುಂಕದ ಪಟ್ಟಿ ಬಂದಾಗ ಅಡಕೆ, ಎಲೆ, ಮೆಣಸು ಒಟ್ಟೊಟ್ಟಿಗೆ ಬರ್ತವೆ. ಅದನ್ನ ನೋಡಿದ ಕೂಡಲೇ 'ನಮ್ಮವರು ಆಗಲೇ ಮೆಣಸಿನಕಾಯಿ ವ್ಯಾಪಾರ ಮಾಡ್ತಿದ್ದರು' ಅಂತ ಬರೆದುಬಿಡೋರಿದ್ದಾರೆ. ಆದರೆ ಆ ಮೆಣಸು ಕರಿಮೆಣಸು, ಬಳ್ಳಿಯಲ್ಲಿ ಬಿಡುವ ಕಾಳು. ಇವತ್ತು ಬ್ಯಾಡಗಿ ಪೇಟೆಯಲ್ಲಿ ಕೆಂಪು ರಾಶಿ ಬೀಳುವ ಗಿಡದ ಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಜೊತೆ ಅದು ಈ ದೇಶಕ್ಕೆ ಬಂದದ್ದು 16ನೇ ಶತಮಾನದಲ್ಲಿ. ಹೊಸ ಕಾಯಿಗೆ ನಮ್ಮವರು ಹಳೆಯ ಖಾರದ ಹೆಸರನ್ನೇ ಕೊಟ್ಟು, ಮೆಣಸಿನಂಥ ಕಾಯಿ, ಮೆಣಸಿನ ಕಾಯಿ ಅಂದರು. ಆಮೇಲೆ ಹೊಸದೇ ಎಷ್ಟು ಬಲವಾಯ್ತು ಅಂದರೆ ಹಳೆಯ ಮೆಣಸಿಗೆ 'ಕರಿ', 'ಕಾಳು' ಅಂತ ವಿಶೇಷಣ ಅಂಟಿಸಿ ಬೇರೆ ಮಾಡಬೇಕಾಯ್ತು. ಹಾಗಾಗಿ ಮೆಣಸಿನಕಾಯಿ ಅನ್ನೋ ಅಡ್ಡಹೆಸರು ಯಾವ ಲೆಕ್ಕದಲ್ಲೂ 16ನೇ ಶತಮಾನಕ್ಕಿಂತ ಹಿಂದೆ ಹೋಗಲಾರದು. ಅಷ್ಟು ಹಿಂದಕ್ಕೂ ಹೋಗುತ್ತೆ ಅಂತಲ್ಲ, ಅದು ಮೇಲಿನ ಗಡಿ ಅಷ್ಟೇ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗಲೂ 'ಸಾವಿರಾರು ವರ್ಷದ ಬೆಳೆ' ಅಂತ ಉತ್ಸಾಹದಲ್ಲಿ ಬರೆದವರಿಗೆ ಈ ಗಡಿ ನೆನಪಾಗಲಿಲ್ಲ.

ಇದರಿಂದ ಆ ಮನೆತನಕ್ಕೆ ಯಾವ ಕುಂದೂ ಇಲ್ಲ. ಒಂದು ಪರದೇಶದ ಬೆಳೆಯನ್ನ ನಮ್ಮ ಕಪ್ಪುಮಣ್ಣಿನ ಬೆಳೆ ಮಾಡಿ, ಅದರ ಹೆಸರನ್ನ ಮನೆಯ ಹೆಸರಾಗಿಸಿಕೊಳ್ಳೋದು ಸಣ್ಣ ಸಂಗತಿಯೇನಲ್ಲ. ಆದರೆ ನಮಗೆ ಶಾಸನದ ಮುದ್ರೆ ಬಿದ್ದ ಹೊರತು ಸಮಾಧಾನ ಇಲ್ಲ!

ಹಾಗಾದರೆ ಶಾಸನಕ್ಕೂ ಅಡ್ಡಹೆಸರಿಗೂ ಸಂಬಂಧವೇ ಇಲ್ಲವೇ ಅಂದರೆ, ಇದೆ. ಅದು ಶಬ್ದದಲ್ಲಿ ಇರೋದಕ್ಕಿಂತ ಹೆಚ್ಚು ವ್ಯಾಕರಣದಲ್ಲಿದೆ. ನಮ್ಮ ಕಡೆಯ ಅಡ್ಡಹೆಸರುಗಳ ಕೊನೆ ನೋಡಿ: ಬಡಿಗೇರ, ಅಂಬಿಗೇರ, ಗೌಡ್ರ, ಶೆಟ್ಟರ, ಪೂಜಾರ, ಕರಿಯಪ್ಪನವರ. ಇವೆಲ್ಲ ಷಷ್ಠಿ ವಿಭಕ್ತಿಯ ಬಹುವಚನ. ಬಡಿಗರ ಮನೆಯ, ಗೌಡರ ಮನೆಯ ಅಂತ ಅರ್ಥ. 'ಮನೆ' ಬಿದ್ದುಹೋಗಿ ವಿಭಕ್ತಿ ಉಳಿದಿದೆ. ಕೆಲವು ಕಡೆ ಮನೆಯೇ ಉಳಿದಿದೆ, ಹೊಸಮನಿ, ಕಟ್ಟಿಮನಿ, ಮೂಲಿಮನಿ ಇದ್ದಂಗೆ. ಮಾತಿನಲ್ಲಿ ಇವು ಯಾವಾಗಲೂ ಹೆಸರಿನ ಮುಂದೆಯೇ ಬರ್ತವೆ. 'ಯಾರ ಪೈಕಿ ತಮ್ಮಾ ನೀನು?' ಅಂತ ಹಿರಿಯರು ಕೇಳಿದರೆ ಉತ್ತರ 'ಬಡಿಗೇರ ಬಸಪ್ಪನ ಮಗರೀ' ಅಂತಲೇ ಹೊರತು 'ಬಸಪ್ಪ ಬಡಿಗೇರನ ಮಗ' ಅಂತಲ್ಲ.

ಈಗ 12ನೇ ಶತಮಾನದ ಹೆಸರುಗಳನ್ನ ಇದರ ಪಕ್ಕ ಇಡಿ: ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಏಕಾಂತದ ರಾಮಯ್ಯ. ಅದೇ ಜಾಗ, ಅದೇ ಷಷ್ಠಿ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯ ಶಾಸನ ರಾಮಯ್ಯನ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು, ಯಾಕಂದರೆ ಒಬ್ಬ ಮನುಷ್ಯನ ಹೆಸರು ಹೇಗೆ ಬೆಳೀತು ಅನ್ನೋದು ಅಲ್ಲಿ ಕಾಣ್ತದೆ. ಆಳಂದದ ಪುರುಷೋತ್ತಮಭಟ್ಟ ಮತ್ತು ಪದ್ಮಾಂಬಿಕೆಯ ಮಗ, ಹುಟ್ಟಿದಾಗ ರಾಮ. ಶಿವನೊಬ್ಬನಲ್ಲೇ ಇಟ್ಟ ಏಕಾಂತ ಭಕ್ತಿಯಿಂದ ಏಕಾಂತದ ರಾಮಯ್ಯ. ಜೆ.ಎಫ್. ಫ್ಲೀಟ್ ಇದನ್ನ 'ಎಪಿಗ್ರಾಫಿಯಾ ಇಂಡಿಕಾ'ದ 5ನೇ ಸಂಪುಟದಲ್ಲಿ ಪ್ರಕಟಿಸಿದರು, ಕಾಲ ಸುಮಾರು ಕ್ರಿ.ಶ. 1200.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ರೂಪ ಒಂದೇ ಆದರೂ ಕೆಲಸ ಬೇರೆ. 'ಏಕಾಂತದ' ಅನ್ನೋದು ರಾಮಯ್ಯನೊಬ್ಬನ ವಿಶೇಷಣ, ಅದು ಮಗನಿಗೆ ಮೊಮ್ಮಗನಿಗೆ ಇಳಿದು ಬರುವಂಥದ್ದಲ್ಲ. ಶಾಸನಗಳಲ್ಲಿ ಮನುಷ್ಯನನ್ನ ಗುರುತಿಸೋದು ಇಂಥವನ ಮಗ, ಇಂಥ ಊರವ, ಇಂಥ ಅಧಿಕಾರದವ ಅಂತ. ಇಡೀ ವಂಶಕ್ಕೆ ಅಂಟಿಕೊಂಡು ಕಾಗದದಿಂದ ಕಾಗದಕ್ಕೆ ದಾಟುವ ಅಡ್ಡಹೆಸರು ಬೇರೆಯೇ ಸಂಸ್ಥೆ. ವತನ ಇದ್ದ ಮನೆಗಳಲ್ಲಿ, ಅಂದರೆ ದೇಸಾಯಿ, ನಾಡಗೌಡ, ಕುಲಕರ್ಣಿ ಮನೆಗಳಲ್ಲಿ, ಅಧಿಕಾರ ವಂಶಪಾರಂಪರ್ಯ ಆದದ್ದರಿಂದ ಹೆಸರೂ ಮೊದಲೇ ಗಟ್ಟಿಯಾಯ್ತು. ಉಳಿದವರ ಅಡ್ಡಹೆಸರುಗಳು ಗಟ್ಟಿಯಾಗಿದ್ದು ಬಹುಮಟ್ಟಿಗೆ 1818ರ ನಂತರ, ಮುಂಬೈ ಸರಕಾರದ ಮೋಜಣಿ, ಕಂದಾಯ, ಶಾಲೆಯ ದಾಖಲೆಗಳಲ್ಲಿ ಅನ್ನೋದು ನನ್ನ ತಿಳುವಳಿಕೆ. ಮುಂಬೈ ಪದ್ಧತಿ ಅಂದರೆ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ಗೋಕಾಕರು ವಿನಾಯಕ ಕೃಷ್ಣ ಗೋಕಾಕ ಆಗೋದು ಹೀಗೆ. ಹಳೇ ಮೈಸೂರಿನಲ್ಲಿ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂತ ಊರು ಮೊದಲು, ತಾನು ಕೊನೆಗೆ. ಹಾವೇರಿ ತಾಲ್ಲೂಕಿನ ಕುರುಬಗೊಂಡದಲ್ಲಿ ಹುಟ್ಟಿದ ಇನ್ನೊಬ್ಬ ಪುಟ್ಟಪ್ಪನವರು ಮುಂಬೈ ಪದ್ಧತಿಯನ್ನೂ ಬಿಟ್ಟು, ಮನೆಮಾತಿನ ಕ್ರಮದಲ್ಲೇ 'ಪಾಟೀಲ ಪುಟ್ಟಪ್ಪ' ಅಂತ ನಾಡಿಗೆಲ್ಲ ಪರಿಚಿತರಾದರು. ಶಾಸನದ ಕ್ರಮಕ್ಕೆ ಹತ್ತಿರ ಇರೋದು ಇದು.

ಊರಿನ ಹೆಸರುಳ್ಳ ಅಡ್ಡಹೆಸರುಗಳ ಬಗ್ಗೆಯೂ ಒಂದು ಮಾತು. ಹಾವೇರಿ ಅನ್ನೋ ಅಡ್ಡಹೆಸರಿನ ಮನೆ ಹಾವೇರಿಯ ಮೂಲನಿವಾಸಿ ಅಂತ ಹೆಮ್ಮೆಯಿಂದ ಹೇಳೋದುಂಟು. ಸ್ವಲ್ಪ ಯೋಚನೆ ಮಾಡ್ರಿ. ಹಾವೇರಿಯೊಳಗೆ ಇದ್ದವನನ್ನ ಯಾರಾದರೂ 'ಹಾವೇರಿಯವ' ಅಂತ ಕರೀತಾರೇನು? ಅಲ್ಲಿ ಎಲ್ಲರೂ ಹಾವೇರಿಯವರೇ. ಆ ಹೆಸರು ಬಿದ್ದದ್ದು ಹಾವೇರಿ ಬಿಟ್ಟು ಬೇರೆ ಊರಿಗೆ ಹೋದ ಮೇಲೆ. ಊರಿನ ಅಡ್ಡಹೆಸರು ಬಿಟ್ಟುಬಂದ ಊರಿನ ಗುರುತು. ಈ ನಾಮವಿಜ್ಞಾನದ ಕ್ಷೇತ್ರದಲ್ಲೇ ದುಡಿದ ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ಸಿಂದಗಿ ತಾಲ್ಲೂಕಿನಲ್ಲಿ, ಕಲಬುರ್ಗಿಯಲ್ಲಲ್ಲ. ಗೋಕಾಕರದ್ದೂ ಅದೇ ಕತೆ. ಜಾತಿ, ಮತದ ಗುರುತೂ ಇದರಲ್ಲಿ ಇರೋದಿಲ್ಲ. ಒಂದೇ ಊರಿನಿಂದ ಹೊರಟ ಹಿಂದೂ, ಮುಸ್ಲಿಂ, ಜೈನ ಮನೆಗಳಿಗೆ ಹೊಸ ಊರಿನವರು ಒಂದೇ ಹೆಸರು ಇಟ್ಟಿರಬಹುದು.

ಬಂಕಾಪುರದ ವಿಷಯ ಇನ್ನೂ ರುಚಿ. ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೇಯ. ಅವನ ಮಗ ಲೋಕಾದಿತ್ಯ ಆಳ್ತಿದ್ದಾಗ, ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಬರೆದ ಉತ್ತರಪುರಾಣದ ಪ್ರಶಸ್ತಿ ಈ ಪಟ್ಟಣ ಅವನ ತಂದೆಯ ಹೆಸರಿನಿಂದಲೇ ಆಯ್ತು ಅಂತ ಹೇಳ್ತದೆ. ಮನುಷ್ಯನ ಹೆಸರು ಊರಾಯ್ತು, ಊರಿನ ಹೆಸರು ಸಾವಿರ ವರ್ಷದ ಮೇಲೆ ಬೇರೆ ಮನುಷ್ಯರ ಅಡ್ಡಹೆಸರಾಯ್ತು. ಇವತ್ತು ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ 'ಬಂಕಾಪುರ' ಅಂತ ಸಹಿ ಹಾಕುವವರಿಗೆ ಬಂಕೇಯನ ಹೆಸರು ಸಿಕ್ಕಿದೆ, ಬಂಕೇಯನ ರಕ್ತ ಅಲ್ಲ. ಈ ಎರಡನ್ನ ಕಲೆಸೋದೇ ನಮ್ಮ ಈಗಿನ ಬರಹಗಳ ದೊಡ್ಡ ದೋಷ.

ಆದರೆ ಈ ದೋಷ ವಾಟ್ಸಾಪ್ ಕಾಲದ್ದು ಮಾತ್ರ ಅಂತ ಬೈಯೋಕೆ ಆಗಲ್ಲ. ಗುತ್ತಲದ ಗುತ್ತರನ್ನ ನೋಡಿ. ಚಾಲುಕ್ಯರು, ಕಳಚುರಿಗಳು, ಸೇವುಣರ ಕಾಲದಲ್ಲಿ ತುಂಗಭದ್ರೆಯ ದಡದಲ್ಲಿ ಆಳಿದ ಸಣ್ಣ ಮನೆತನ, ರಾಜಧಾನಿ ಗುತ್ತವೊಳಲ್. ಚೌಡದಾನಪುರದ ಮುಕ್ತೇಶ್ವರ ಗುಡಿಯ ಶಾಸನಗಳಿಂದ ಇವರ ಬಗ್ಗೆ ಬಹಳಷ್ಟು ತಿಳೀತದೆ. ಇವರು ತಮ್ಮನ್ನ ಚಂದ್ರಗುಪ್ತನ ವಂಶದವರು, ಉಜ್ಜಯಿನಿಯ ವಿಕ್ರಮಾದಿತ್ಯನ ಕಡೆಯವರು ಅಂತ ಹೇಳಿಕೊಂಡರು. ಮನೆತನದಲ್ಲಿ ವಿಕ್ರಮಾದಿತ್ಯ ಅನ್ನೋ ಹೆಸರನ್ನೂ ಇಟ್ಟುಕೊಂಡರು. ಗುಪ್ತ ಅನ್ನೋದು ಪ್ರಾಕೃತದಲ್ಲಿ ಗುತ್ತ ಆಗೋದು ಧ್ವನಿನಿಯಮಕ್ಕೆ ಸರಿಯೇ. ಆದರೆ ಧ್ವನಿನಿಯಮ ವಂಶಾವಳಿ ಕೊಡಲ್ಲ. ಅದೇ ಸಾಲುಗಳಲ್ಲಿ ಜೋಮ, ಮಲ್ಲಿದೇವ ಅನ್ನೋ ಅಪ್ಪಟ ಈ ನೆಲದ ಹೆಸರುಗಳೂ ಇವೆ. ಪಾಟಲೀಪುತ್ರದ ಅರಸರಿಗೂ ಗುತ್ತಲದ ಸಾಮಂತರಿಗೂ ನಡುವೆ ಏಳೆಂಟು ಶತಮಾನದ ಖಾಲಿ ಜಾಗ ಇದೆ. ಅದನ್ನ ತುಂಬಿದ್ದು ಪ್ರಶಸ್ತಿ ಬರೆದ ಕವಿಯ ಜಾಣತನ. ಇವತ್ತು ಅಡ್ಡಹೆಸರಿನಿಂದ ಸಾಮ್ರಾಜ್ಯ ಕಟ್ಟುವವರು ಆ ಕವಿಯ ಮರಿಮಕ್ಕಳು ಅನ್ನಬಹುದು. ಒಂದೇ ವ್ಯತ್ಯಾಸ, ಕವಿಗೆ ಅದಕ್ಕೆ ದಾನ ದತ್ತಿ ಸಿಕ್ಕಿರಬೇಕು.

ಊರ ಹೆಸರಿನಲ್ಲೂ ಇದೇ ಆಟ. ಹಾವೇರಿ ಅಂದರೆ ಹಾವುಗಳ ಕೇರಿ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಇರಲಿ, ಆದರೆ ಎರಡು ಪ್ರಶ್ನೆ ಕೇಳಬೇಕು. ಒಂದು, ಪಾನುಂಗಲ್ ಹಾನಗಲ್ಲ ಆದಂಗೆ, ಪೆರ್ಗಡೆ ಹೆಗ್ಗಡೆ ಆದಂಗೆ, 'ಹಾವು' ಅನ್ನೋದರ ಹಳಗನ್ನಡ ರೂಪ 'ಪಾವು'. ಅಂದಮೇಲೆ ಊರಿನ ಅತಿ ಹಳೆಯ ರೂಪವನ್ನ ಹಿಡಿದು ಮಾತಾಡಬೇಕು, ಇವತ್ತಿನ ಉಚ್ಚಾರವನ್ನಲ್ಲ. ಎರಡು, ಮೇಲು ಮತ್ತು ಕೇರಿ ಸೇರಿದಾಗ ನಮ್ಮ ಬಾಯಲ್ಲಿ 'ಮ್ಯಾಗೇರಿ' ಆಗ್ತದೆ. ಆ ಅಡ್ಡಹೆಸರಿನವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅಲ್ಲಿ ಗಕಾರ ಉಳಿದಿದೆ, ಹಾವೇರಿಯಲ್ಲಿ ಎಲ್ಲಿ ಹೋಯ್ತು? ಕೆರೆಯ ಒಡ್ಡಿಗೆ 'ಏರಿ' ಅಂತೀವಿ, ಹಾವೇರಿಗೆ ಹೆಗ್ಗೆರೆಯಂಥ ದೊಡ್ಡ ಕೆರೆಯೂ ಇದೆ. ಉತ್ತರ ಇದೇ ಅಂತ ನಾನು ಹೇಳ್ತಿಲ್ಲ. ಹಾವು ಮತ್ತು ಕೇರಿಗೆ ಇಷ್ಟು ಸಲೀಸಾಗಿ ಠಸ್ಸೆ ಒತ್ತಬಾರದು ಅಂತಿದ್ದೇನೆ.

ಇಲ್ಲಿಯವರೆಗಿನದು ವಿದ್ವತ್ತಿನ ತಕರಾರು. ಇನ್ನು ಹೇಳೋದು ಊರಲ್ಲಿ ಜಗಳ ಹಚ್ಚುವ ವಿಷಯ.

ವೀರಗಲ್ಲೊಂದು ಹೊಲದ ಬದುವಿನಲ್ಲಿ ಸಿಕ್ಕಿತು ಅನ್ನಿ. ಯಾರೋ ಓದಿ ಹೇಳಿದರು, ಇದರಲ್ಲಿ ಬಮ್ಮಗಾವುಂಡ ಅಂತಿದೆ. ಮರುವಾರ ಒಂದು ಸಮಾಜದವರು 'ಗಾವುಂಡ ಅಂದರೆ ಗೌಡ, ಗೌಡ ಅಂದರೆ ನಾವು' ಅಂತ ಕಲ್ಲಿಗೆ ಬಣ್ಣ ಬಳಿದು ಬೋರ್ಡು ಹಾಕ್ತಾರೆ. ಇನ್ನೊಂದು ಸಮಾಜದವರು 'ಗೌಡಕಿ ನಮ್ಮದಿತ್ತು' ಅಂತ ಎದ್ದು ನಿಲ್ತಾರೆ. ಬಣ್ಣದ ಕೆಳಗೆ ಅಕ್ಷರ ಮುಚ್ಚಿಹೋಗ್ತದೆ. ಕಲ್ಲು ಓದೋಕೆ ಬರುವವನಿಗೆ ಕಲ್ಲೇ ಇರಲ್ಲ, ಬೋರ್ಡು ಇರ್ತದೆ.

ಗಾಮುಂಡ, ಗಾವುಂಡ, ಗೌಡ: ಈ ಸರಣಿಯ ಬಗ್ಗೆ ವಿವಾದ ಇಲ್ಲ. ಆದರೆ ಅದು ಊರ ಹಿರಿತನದ, ಅಧಿಕಾರದ ಹೆಸರು. ಜಾತಿಯ ಹೆಸರಲ್ಲ. ಹಳೇ ಮೈಸೂರಿನ ಕಡೆ ಗೌಡ ಅಂದರೆ ಒಂದು ಸಮುದಾಯ ನೆನಪಾಗ್ತದೆ. ನಮ್ಮ ಕಡೆ ಗೌಡಕಿ ಯಾವ ಮನೆತನಕ್ಕೆ ಇತ್ತೋ ಅವರು ಗೌಡರು, ಅವರು ಲಿಂಗಾಯತರೋ ಕುರುಬರೋ ರಡ್ಡಿಗಳೋ ಯಾರೇ ಇರಲಿ. ಮರಾಠಿ ಆಡಳಿತದಲ್ಲಿ ಇದೇ ಹುದ್ದೆಗೆ ಪಾಟೀಲ ಅಂದರು, ಅದರ ಮೂಲ 'ಪಟ್ಟಕಿಲ'. ಹಾಗಾಗಿ 'ಬಸನಗೌಡ ಪಾಟೀಲ' ಅನ್ನೋ ಹೆಸರಿನಲ್ಲಿ ಒಂದೇ ಹುದ್ದೆ ಎರಡು ಭಾಷೆಯಲ್ಲಿ ಎರಡು ಸಲ ಬಂದಿದೆ. ಹೆಸರು ಇಟ್ಟವರಿಗೆ ಅದು ಹೊಳೆದಿರಲಿಕ್ಕಿಲ್ಲ, ಕೇಳುವ ನಮಗೂ ಹೊಳೆಯಲ್ಲ.

ಮತ್ತೆ ಅಬಲೂರಿಗೆ ಬನ್ನಿ. ಏಕಾಂತದ ರಾಮಯ್ಯನ ಎದುರು ವಾದಕ್ಕೆ ನಿಂತವರ ಮುಂದಾಳು ಯಾರು? ಸಂಕಗಾವುಂಡ. ಅವನು ಜೈನ. ರಾಮಯ್ಯ ತಲೆಯನ್ನೇ ಪಣ ಇಟ್ಟು ಗೆದ್ದ, ಸೋತವರು ಬಿಜ್ಜಳನ ಬಳಿ ದೂರು ಹೋದರು, ಬಿಜ್ಜಳ ರಾಮಯ್ಯನಿಗೇ ಜಯಪತ್ರ ಕೊಟ್ಟ ಅಂತ ಶಾಸನ ಹೇಳ್ತದೆ. ಗೆದ್ದವರು ಕೆತ್ತಿಸಿದ ಕಥೆ ಅದು, ಅಷ್ಟನ್ನ ಮನಸ್ಸಿನಲ್ಲಿಟ್ಟೇ ಓದಬೇಕು. ನಮ್ಮ ವಿಷಯಕ್ಕೆ ಬೇಕಾದ್ದು ಇಷ್ಟು: ಇಂದು ಅಬಲೂರಿನ ಸುತ್ತಮುತ್ತ ಯಾರಾದರೂ ಗೌಡರು 'ಶಾಸನದ ಗಾವುಂಡ ನಮ್ಮ ಮೂಲಪುರುಷ' ಅಂದರೆ, ಆ ಕಥೆಯಲ್ಲಿ ತಾವು ಯಾವ ಪಕ್ಷಕ್ಕೆ ಹೋಗಿ ನಿಂತೆವು ಅಂತ ನೋಡಿಕೊಳ್ಳಬೇಕಾಗ್ತದೆ.

'ಅಯ್ಯ' ಅನ್ನೋ ಕೊನೆಯೂ ಹಾಗೆಯೇ ಮೋಸ ಮಾಡ್ತದೆ. ಈಗ ನಮ್ಮ ಕಡೆ ಹೆಸರಿನ ಕೊನೆಗೆ ಅಯ್ಯ ಕೇಳಿದರೆ ಮಠದ ಮನೆಯವರು, ಅಯ್ಯನವರು ಅಂತ ಅಂದುಕೊಳ್ತೀವಿ. ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದಾಗ ಗದಿಗೆಯ್ಯ. (ಗವಾಯಿ ಅನ್ನೋದು ವಿದ್ಯೆಯಿಂದ ಬಂದ ಹೆಸರು, ಅದು ಶಿಷ್ಯ ಪುಟ್ಟರಾಜರಿಗೂ ಬಂತು. ರಕ್ತಕ್ಕೆ ಬದಲಾಗಿ ಪಾಠದಿಂದ ಇಳಿದ ಅಡ್ಡಹೆಸರು, ನಮ್ಮ ಪಟ್ಟಿಗಳಲ್ಲಿ ಇದಕ್ಕೆ ಒಂದು ಕಂಬವೇ ಇಲ್ಲ.) ಇದೇ ಕಿವಿಯಿಂದ 12ನೇ ಶತಮಾನದ ಹೆಸರುಗಳನ್ನ ಕೇಳಿದರೆ ತಪ್ಪಿದಿರಿ. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಭಟ್ಟರ ಮಗ ರಾಮಯ್ಯ, ಮೂವರಿಗೂ ಅಯ್ಯ. ಅದು ಗೌರವದ ಪ್ರತ್ಯಯ, ಎಲ್ಲರಿಗೂ ಸಲ್ಲುತ್ತಿತ್ತು. ಆಮೇಲೆ ಯಾರ ಹೆಸರಿನಲ್ಲಿ ಉಳೀತು, ಯಾರ ಹೆಸರಿನಿಂದ ಜಾರಿಹೋಯ್ತು ಅನ್ನೋದು ಬರೆಯಬೇಕಾದ ಚರಿತ್ರೆ. ಅದನ್ನ ಬರೆಯೋದು ಬಿಟ್ಟು ಹಣ್ಣಿನ ಹೆಸರು, ಕಾಳಿನ ಹೆಸರು, ಪ್ರಾಣಿಯ ಹೆಸರು ಅಂತ ಅಡ್ಡಹೆಸರುಗಳನ್ನ ಬುಟ್ಟಿಗೆ ಹಾಕ್ತಾ ಕೂತಿದ್ದೇವೆ. ಕಾಲ ಇಲ್ಲ, ಊರಿಲ್ಲ, ಯಾವ ಕಾಗದದಲ್ಲಿ ಮೊದಲು ಕಂಡಿತು ಅನ್ನೋದಿಲ್ಲ.

ಹೆಸರು ಒಂದೇ ಅಂದಮಾತ್ರಕ್ಕೆ ಮನುಷ್ಯ ಒಬ್ಬನೇ ಅಲ್ಲ. ಇದನ್ನ ಮರೆತರೆ ದೊಡ್ಡವರೂ ಎಡವುತ್ತಾರೆ. ಅಬಲೂರಿನ ಶಾಸನ ಓದಿದ ಫ್ಲೀಟ್ ಅವರೇ ಮನಗೂಳಿಯ ಶಾಸನದಲ್ಲಿ ಬರುವ ಬಸವನನ್ನ ಬಸವಣ್ಣನವರೊಂದಿಗೆ ಗುರುತಿಸೋಕೆ ಹೊರಟರು. ಆ ಬಸವನ ತಂದೆ ಚಂದಿರಾಜ. ಆಮೇಲೆ ಬೆಳಕಿಗೆ ಬಂದ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ (ಕ್ರಿ.ಶ. 1260) ಬಸವಣ್ಣನವರ ತಂದೆ ಮಾದಿರಾಜ ಅಂತ ಹೇಳಿದ ಮೇಲೆ ಆ ಗುರುತು ನಿಲ್ಲಲಿಲ್ಲ. ಒಂದು ತಂದೆಯ ಹೆಸರು ಇಡೀ ವಾದವನ್ನ ತಿರುಗಿಸಿತು. ನಮ್ಮ ವಾಟ್ಸಾಪ್ ವಂಶಾವಳಿಗಳಲ್ಲಿ ತಂದೆಯ ಹೆಸರು ಹೊಂದುತ್ತದೋ ಇಲ್ಲವೋ ಅಂತ ನೋಡುವ ತಾಳ್ಮೆ ಯಾರಿಗಿದೆ? ಅಜ್ಜನ ಹೆಸರನ್ನ ಮೊಮ್ಮಗನಿಗೆ ಇಡುವ ರೂಢಿ ನಮ್ಮದು, ಆಗಿನ ಅರಸು ಮನೆಗಳದ್ದೂ ಅದೇ. ಹಾನಗಲ್ಲ ಕದಂಬರಲ್ಲಿ ತೈಲಪ, ಚಾಲುಕ್ಯರಲ್ಲಿ ತೈಲಪ. ಗುತ್ತರಲ್ಲಿ ವಿಕ್ರಮಾದಿತ್ಯ, ಚಾಲುಕ್ಯರಲ್ಲಿ ವಿಕ್ರಮಾದಿತ್ಯ. ಬರೀ ಹೆಸರು ಹಿಡಿದು ಹೊರಟರೆ ಯಾವ ತೈಲಪನ ಮನೆ ಮುಂದೆ ಹೋಗಿ ನಿಲ್ತೀರೋ ಹೇಳೋಕಾಗಲ್ಲ.

ನನಗೆ ನಿಜವಾಗಿ ಚಿಂತೆ ಇರೋದು ಅಡ್ಡಹೆಸರಿನ ಬಗ್ಗೆ ಅಲ್ಲ. ಅಡ್ಡಹೆಸರು ಆಧಾರ್ ಕಾರ್ಡಿನಲ್ಲಿ ಭದ್ರವಾಗಿದೆ, ಅದಕ್ಕೇನೂ ಆಗಲ್ಲ. ಸಾಯ್ತಿರೋದು ಮೊದಲ ಹೆಸರುಗಳು. ಕದರಮಂಡಲಗಿಯ ಹನುಮಪ್ಪನಿಂದ ಕಾಂತೇಶ, ಸಾತೇನಹಳ್ಳಿಯಿಂದ ಶಾಂತೇಶ, ದೇವರಗುಡ್ಡದಿಂದ ಮಾಲತೇಶ, ಗುಡ್ಡಪ್ಪ. ಹೆಸರು ಕೇಳಿದರೆ ಮನೆಯವರು ಯಾವ ಜಾತ್ರೆಗೆ ನಡ್ಕೊಳ್ತಾರೆ ಅಂತ ಹೇಳಬಹುದಿತ್ತು. ಫಕ್ಕೀರಪ್ಪ ಅಂದರೆ ಶಿರಹಟ್ಟಿ ಮಠದ ಕಡೆ ಹರಕೆ ಇದ್ದ ಮನೆ. ತಿಪ್ಪಣ್ಣ, ತಿಪ್ಪವ್ವ, ತಿರುಕಪ್ಪ, ಹುಚ್ಚಪ್ಪ ಅನ್ನೋ ಹೆಸರುಗಳ ಹಿಂದೆ ಅನೇಕ ಸಲ ಮೊದಲು ಹುಟ್ಟಿದ ಕೂಸುಗಳನ್ನ ಕಳಕೊಂಡ ತಾಯಿ ಇರ್ತಾಳೆ, ಉಳಿಯಲಿ ಅಂತ ಕೀಳು ಹೆಸರು ಇಟ್ಟವಳು. ಇವತ್ತಿನ ಪುಸ್ತಿಕೆಗಳಲ್ಲಿ ಈ ಹೆಸರುಗಳನ್ನ 'ಅನಾಗರಿಕ ಹೆಸರುಗಳು' ಅಂತ ಒಂದು ಸಾಲಿನಲ್ಲಿ ಮುಗಿಸಿದ್ದನ್ನ ಓದಿ ಸಿಟ್ಟು ಬಂತು.

ಹೆಣ್ಣುಮಕ್ಕಳ ಹೆಸರಿನ ಹಾನಿ ಇನ್ನೂ ಹೆಚ್ಚು. ಲಕ್ಕುಂಡಿಯ 1007ರ ಶಾಸನದ ಅತ್ತಿಮಬ್ಬೆಯ 'ಅಬ್ಬೆ'ಗೂ ನಮ್ಮ ಗಂಗವ್ವ, ದ್ಯಾಮವ್ವ, ಉಡಚವ್ವರ 'ಅವ್ವ'ನಿಗೂ ಇರುವ ನಂಟು ಬಂಕೇಯನಿಗೂ ಬಂಕಾಪುರ ಅಡ್ಡಹೆಸರಿಗೂ ಇರುವ ನಂಟಿಗಿಂತ ಗಟ್ಟಿ. ಅದು ಬಾಯಿಂದ ಬಾಯಿಗೆ ಸವೆಯುತ್ತಾ ಬಂದ ಪ್ರತ್ಯಯ, ಯಾರೂ ಪುಸ್ತಕ ನೋಡಿ ಜೋಡಿಸಿದ್ದಲ್ಲ. ಪದ್ಯದಲ್ಲಿ ಪ್ರಶಸ್ತಿ ಬರೆಯುವ ಕವಿಗಳಿಗೆ 'ಅಬ್ಬೆ'ಗಿಂತ 'ಅಂಬಿಕೆ' ಚೆಂದ ಕಾಣ್ತಿತ್ತು. ಶಾಲೆಯ ಹಾಜರಿ ಬರೆಯುವ ಮಾಸ್ತರ ಗಂಗವ್ವನನ್ನ ಗಂಗಾ ಮಾಡಿದ್ದೂ ಅದೇ ರುಚಿಯಿಂದ. ಅಂಥ ಮಾಸ್ತರರ ಕೈಗೆ ಸಿಗದ ಅಜ್ಜಿಯರ ಪೀಳಿಗೆ ಇನ್ನು ಸ್ವಲ್ಪ ದಿನ ಇರ್ತದೆ.

ಹೀಗಾಗಿ ಓದುಗರಲ್ಲಿ ಕೇಳೋದು ಇಷ್ಟು. ನಿಮ್ಮ ಮನೆತನ ಯಾವ ಶಾಸನದಲ್ಲಿದೆ ಅಂತ ಹುಡುಕೋ ಮೊದಲು ಟ್ರಂಕಿನಲ್ಲಿರೋ ಹಳೆಯ ಉತಾರ ತೆಗೀರಿ. ಖರೀದಿ ಪತ್ರ, ವಾಟ್ನಿ ಕಾಗದ, ಶಾಲೆಯ ದಾಖಲಾತಿ ಯಾವುದೇ ಇರಲಿ, ವರ್ಷ ಸಮೇತ ಹೆಸರುಗಳನ್ನ ಇದ್ದದ್ದು ಇದ್ದಹಾಗೆ ನಕಲು ಮಾಡ್ರಿ. ಅಡ್ಡಹೆಸರು ಯಾವ ವರ್ಷದ ಕಾಗದದಲ್ಲಿ ಮೊದಲ ಸಲ ಕಾಣ್ತದೆ, ಅದಕ್ಕಿಂತ ಹಿಂದಿನ ಕಾಗದದಲ್ಲಿ ಅದೇ ಅಜ್ಜ ಏನಂತ ಇದ್ದಾನೆ, ನೋಡ್ರಿ. ಸಾಗುವಳಿದಾರರ ಕಂಬದಲ್ಲಿ 'ಗಂಗವ್ವ ಕೋಂ ಬಸಪ್ಪ' ಅಂತ ಇದ್ದರೆ (ಹೆಸರು ಮಾದರಿಗೆ ಮಾತ್ರ) ಆ 'ಕೋಂ' ಅನ್ನೋದನ್ನೂ ಬಿಡದೆ ಬರಕೊಳ್ರಿ. ಶಾಸನದಲ್ಲಿ ಇಂಥವನ ಮಡದಿ ಇಂಥವಳು ಅಂತ ಕಲ್ಲುಕುಟಿಗ ಕೊರೆದ ಜಾಗದಲ್ಲೇ ತಲಾಟಿ ಶಾಯಿಯಲ್ಲಿ ಬರೆದದ್ದು ಅದು.